ಉಂಗುರ ಬೀಳದ ತಟ್ಟೆ

ಮೇ 6

ತಂಗೀ,

ನೀನು ಬಸ್ಸಿನ ಡ್ರೈವರ್ ಕೈಲಿ ಕಳಿಸಿದ ಹತ್ತಿಕಡ್ಡಿಯ ಟ್ಯೂಬು ಮೊನ್ನೆ ಬೆಳಿಗ್ಗೆಯೇ ಬಂತು. ಪುಣ್ಯಾತ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು, ಮುಖ ಸಿಂಡರಿಸಿಕೊಂಡು, "ಏನ್ರೀ ಇದು, ಒಳಗೇನಿದೆ?" ಅಂದ. "ನನ್ನ ತಂಗಿ ಮಗಳ ಗಂಟಲು" ಅಂದೆ. ಪಾಪ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿಯೇಬಿಟ್ಟ.

ಮೊದಲು ಮುಖ್ಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮಧ್ಯದ್ದೆಲ್ಲ ಹಾರಿಸಿ ಕೊನೆಗೆ ಹೋಗುತ್ತೀಯ. ನಮ್ಮ ಪಿಟೀಲಿನ ಗಂಟಲಲ್ಲಿ ಹೆದರುವಂಥದ್ದು ಏನೂ ಇಲ್ಲ. ವರದಿ ಜೊತೆಗೇ ಇಟ್ಟಿದ್ದೇನೆ, ನಾನೇ ಸಹಿ ಮಾಡಿದ್ದು. ನಿಮ್ಮ ಡಾಕ್ಟರಿಗೆ ತೋರಿಸು. ಪೆನಿಸಿಲಿನ್ ಬೇಕಾಗಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ದಿನಕ್ಕೆ ಐದು ಸಲ ಗಂಟಲು ಮುಕ್ಕಳಿಸಲಿ. ಹನ್ನೊಂದು ವರ್ಷದ ಗಂಟಲು, ತಾನೇ ಸರಿಹೋಗುತ್ತದೆ. ಹುಟ್ಟಿದಾಗಿನಿಂದ ಒಂದೇ ರಾಗ ಎಳೆಯುತ್ತಾಳೆಂದು ನಾನು ಪಿಟೀಲು ಅಂತ ಹೆಸರಿಟ್ಟದ್ದು. ಎರಡು ದಿನ ರಾಗ ನಿಂತರೆ ನಿನಗೂ ಆರಾಮ.

"ಆ ಸ್ಟ್ರೆಪ್ಟೊಕಾಕಸ್ ಅನ್ನೋದು ಇದೆಯಾ ಇಲ್ವಾ, ಒಂದೇ ಮಾತಲ್ಲಿ ಹೇಳು" ಅಂತ ಬರೆದಿದ್ದೀಯ. ಒಂದೇ ಮಾತಲ್ಲಿ ಹೇಳಲು ಅದೇನು ಒಬ್ಬ ಆಸಾಮಿಯೇ? ದೊಡ್ಡ ಕುಟುಂಬ. ಎಲ್ಲರೂ ಗುಂಡುಗುಂಡಗೆ, ಮಣಿ ಪೋಣಿಸಿದ ಹಾಗೆ ಸಾಲಾಗಿ ನಿಂತಿರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾರು ಸಾಧು, ಯಾರು ಪೋಕರಿ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ರಕ್ತ ಬೆರೆಸಿದ ತಟ್ಟೆಯ ಮೇಲೆ ಹಚ್ಚಿ ಒಂದು ದಿನ ಬೆಚ್ಚಗಿಡುತ್ತೇವೆ. ಕೆಲವರು ಸುತ್ತಲಿನ ರಕ್ತವನ್ನು ಹಸಿರಾಗಿಸುತ್ತಾರೆ. ನಮ್ಮೆಲ್ಲರ ಬಾಯಲ್ಲೂ ಬಾಡಿಗೆಗಿರುವವರು ಇವರೇ, ನ್ಯುಮೋನಿಯಾ ತರುವವನೂ ಇದೇ ಮನೆಯವನು. ಕೆಲವರು ಏನೂ ಮಾಡದೆ ಸುಮ್ಮನೆ ಕೂರುತ್ತಾರೆ. ಇನ್ನು ಕೆಲವರು ಸುತ್ತಲಿನ ರಕ್ತವನ್ನೆಲ್ಲ ಕರಗಿಸಿ ಗಾಜಿನಂಥ ತಿಳಿ ಉಂಗುರ ಮಾಡಿಕೊಳ್ಳುತ್ತಾರೆ. ದೊಡ್ಡ ಪೋಕರಿಗಳು ಇವರು. ಇವರನ್ನು ಮೈಮೇಲಿನ ಹೊದಿಕೆ ನೋಡಿ ಎ, ಬಿ, ಸಿ, ಜಿ ಅಂತ ಗುಂಪು ಮಾಡುತ್ತೇವೆ. ಬಿ ಹಸುಗೂಸುಗಳನ್ನು ಕಾಡುತ್ತಾನೆ. ಎ ಗಂಟಲಿಗೆ ಬರುವವನು. ಅವನನ್ನು ಹಾಗೇ ಬಿಟ್ಟರೆ ಕೀಲು, ಮೂತ್ರಪಿಂಡ, ಹೃದಯದವರೆಗೂ ಕೈಹಾಕುತ್ತಾನೆ. ಪಿಟೀಲಿನ ತಟ್ಟೆಯಲ್ಲಿ ಉಂಗುರ ಇರಲಿಲ್ಲ. ಉಂಗುರ ಇಲ್ಲ ಅಂದರೆ ಎ ಇಲ್ಲ. ಇಪ್ಪತ್ತಾರು ವರ್ಷದ ಕಣ್ಣು ಇದು, ಬೇರೆ ಪರೀಕ್ಷೆ ಬೇಕಿಲ್ಲ.

ಒಂದು ದುಃಖದ ಸುದ್ದಿಯೂ ಇದೆ. ಲ್ಯಾಬಿನ ಹಿಂದೆ ಕಟ್ಟಿದ್ದ ಕುರಿ, ನಮ್ಮ "ದೊಡ್ಡ ಸಾಹೇಬರು", ಜನವರಿಯಲ್ಲೇ ತೀರಿಕೊಂಡರು. ತಟ್ಟೆಗೆ ರಕ್ತ ಕೊಡುತ್ತಿದ್ದವರು ಅವರೇ. ಇಡೀ ಲ್ಯಾಬಿನಲ್ಲಿ ಒಂದು ದಿನವೂ ರಜೆ ಹಾಕದೆ ಕೆಲಸ ಮಾಡಿದ ಪ್ರಾಣಿ. ಹೊಸ ಕುರಿಗೆ ಅರ್ಜಿ ಹೋಗಿದೆ. ಅಲ್ಲಿಯವರೆಗೆ ರಕ್ತನಿಧಿಯಲ್ಲಿ ಅವಧಿ ಮುಗಿದ ಮನುಷ್ಯರ ರಕ್ತವನ್ನೇ ತಟ್ಟೆಗೆ ಹಾಕುತ್ತಿದ್ದೇವೆ. "ಕೆಂಪಗಿದ್ರೆ ಆಯ್ತಲ್ಲ" ಅನ್ನುತ್ತಾರೆ ಮುಖ್ಯಸ್ಥರು.

ಪಿಟೀಲಿಗೆ ಮುತ್ತು. ನಿನಗೆ ಬೈಗುಳ, ನೀನು ಊಟ ಬಿಟ್ಟು ಕೆಲಸ ಮಾಡುವುದಕ್ಕೆ.

ಅಣ್ಣ

*

ಜೂನ್ 14

ಅಣ್ಣಾ,

ಗಂಟಲು ನೀನು ಹೇಳಿದ ಹಾಗೆ ವಾರದಲ್ಲಿ ಸರಿಹೋಯಿತು. ಉಪ್ಪುನೀರು ಮುಕ್ಕಳಿಸು ಅಂತ ಐದು ಸಲ ಅಲ್ಲ, ಐವತ್ತು ಸಲ ಹೇಳಬೇಕು ಇವಳಿಗೆ. ಆದರೆ ಈಗ ಹೊಸ ಕಾಟ ಶುರುವಾಗಿದೆ. ಬಲ ಮೊಣಕಾಲು ಊದಿಕೊಂಡು ಮೂರು ದಿನ ಮಲಗಿದಳು. ಅದು ಇಳಿಯಿತು ಅನ್ನುವಾಗ ಎಡಗಾಲಿನ ಹರಡು. ಅದಾದ ಮೇಲೆ ಮೊಣಕೈ. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಹತ್ತುತ್ತದೆ. ಮುಟ್ಟಿದರೆ ಕಿರುಚುತ್ತಾಳೆ. ಮೈಯೂ ಬೆಚ್ಚಗಿರುತ್ತದೆ.

ನಮ್ಮ ಕನ್ನಡಕದ ಅಂಗಡಿಗೆ ವಾರಕ್ಕೆರಡು ಸಲ ಬರುವ ಕಣ್ಣಿನ ಡಾಕ್ಟರಿಗೆ ಹೇಳಿದೆ. ಅವರು ಪರೀಕ್ಷೆಯ ಬೋರ್ಡಿನ ದೀಪ ಆರಿಸಿ, ನನ್ನನ್ನು ಕೂರಿಸಿ, "ಗಂಟಲು ನೋವು ಬಂದಿತ್ತಾ? ಇದು ರುಮ್ಯಾಟಿಕ್ ಜ್ವರ ಇರಬಹುದು, ಹೃದಯ ನೋಡಿಸಿ" ಅಂದರು. ನಾನು ಜಂಬದಿಂದ, "ನಮ್ಮಣ್ಣನೇ ಗಂಟಲು ಪರೀಕ್ಷೆ ಮಾಡಿದಾನೆ, ಆ ಕ್ರಿಮಿ ಇಲ್ಲ" ಅಂದೆ. "ಹಾಗಿದ್ರೆ ಸರಿ" ಅಂದರು. ಸರಿ ತಾನೇ?

ಅವಳೂ ಬರೆಯುತ್ತಾಳಂತೆ, ಜಾಗ ಬಿಡುತ್ತೇನೆ.

ತಂಗಿ

ಮಾವಾ, ನಾನು ಚೆನ್ನಾಗಿದೀನಿ. ಅಕ್ಷರ ನೋಡಿ ನಗಬೇಡಿ. ನಾನು ಗೆರೆ ಮೇಲೇ ಬರೀತೀನಿ, ಪೆನ್ನು ಬೇರೆ ಕಡೆ ಹೋಗತ್ತೆ.

*

ಜೂನ್ 25

ತಂಗೀ,

ಕಣ್ಣಿನ ಡಾಕ್ಟರು ಕಣ್ಣು ನೋಡಿಕೊಳ್ಳಲಿ ಅಂತ ಹೇಳು. ಗಂಟಲಲ್ಲಿ ಎ ಇಲ್ಲದೆ ರುಮ್ಯಾಟಿಕ್ ಜ್ವರ ಬರಲು ಅದೇನು ಆಕಾಶದಿಂದ ಬೀಳುತ್ತದೆಯೇ? ತಟ್ಟೆ ನೋಡಿದವನು ನಾನು. ವಯಸ್ಸಿಗೆ ಬರುವ ಮಕ್ಕಳಿಗೆ ಮೂಳೆ ಬೆಳೆಯುವಾಗ ನೋವು ಇದ್ದದ್ದೇ. ಬಿಸಿ ಕಾವು ಕೊಡು.

ಪಿಟೀಲಮ್ಮಾ, ಏನೇ ನಿನ್ನ ಅಕ್ಷರ! ಕಾಗೆ ಕಾಲು ಗುಬ್ಬಿ ಕಾಲು. "ಮ" ಒಂದು ಕಡೆ ಓಡುತ್ತಿದೆ, "ವ" ಅದನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ಪೆನ್ನು ಬೇರೆ ಕಡೆ ಹೋಗುತ್ತದಂತೆ! ಸೋಮಾರಿತನಕ್ಕೆ ಎಷ್ಟು ಚೆಂದದ ನೆಪ! ನಾಲ್ಕು ಗೆರೆಯ ಕಾಪಿ ಪುಸ್ತಕ ಕಳಿಸಿದ್ದೇನೆ. ದಿನಕ್ಕೆ ಒಂದು ಪುಟ ಬರೆಯಬೇಕು. ಬರೆಯದಿದ್ದರೆ ಮಾವ ಟೂ.

ಅಣ್ಣ / ಮಾವ

*

ಜುಲೈ 30

ಅಣ್ಣಾ,

ನನಗೆ ಸಾಕಾಗಿಹೋಗಿದೆ. ಈ ಹುಡುಗಿಗೆ ಏನು ಬಂದಿದೆಯೋ ಗೊತ್ತಿಲ್ಲ. ತಿಂಗಳಲ್ಲಿ ಆರು ಲೋಟ ಒಡೆದಿದ್ದಾಳೆ. ಕೈಗೆ ಕೊಟ್ಟದ್ದು ನಿಲ್ಲುವುದಿಲ್ಲ, ಎಸೆದ ಹಾಗೆ ಹಾರುತ್ತದೆ. ಕೂತಲ್ಲಿ ಕೂರುವುದಿಲ್ಲ, ಭುಜ ಕುಣಿಸುತ್ತಾಳೆ, ಕಾಲು ಒದೆಯುತ್ತಾಳೆ. ನಾನು ಬೈಯುವಾಗ ನನಗೇ ಮೂತಿ ತಿರುಗಿಸಿ ಅಣಕಿಸುತ್ತಾಳೆ. "ನಾನು ಮಾಡ್ತಿಲ್ಲಮ್ಮಾ, ಅದೇ ಆಗತ್ತೆ" ಅಂತ ವಾದ ಬೇರೆ. ಮೊನ್ನೆ ತಡೆಯಲಾರದೆ ಕೆನ್ನೆಗೆ ಎರಡು ಬಾರಿಸಿದೆ. ಶಾಲೆಯಲ್ಲೂ ಟೀಚರು ಬೆಂಚಿನ ಮೇಲೆ ನಿಲ್ಲಿಸಿದ್ದರಂತೆ. ನಿಂತವಳು ನೆಟ್ಟಗೆ ನಿಲ್ಲದೆ ಬಿದ್ದಳು ಅಂತ ಇನ್ನೊಂದು ದೂರು.

ಅವಳಪ್ಪ ಹೋದ ಮೇಲೆ ಗಂಡು ದಿಕ್ಕು ಅಂತ ಇರುವವನು ನೀನೊಬ್ಬ. ನಾಲ್ಕು ಬುದ್ಧಿಮಾತು ಹೇಳು, ನಿನ್ನ ಮಾತು ಕೇಳುತ್ತಾಳೆ. ನೀನು ಕಳಿಸಿದ ಕಾಪಿ ಪುಸ್ತಕದ ಹಾಳೆಗಳನ್ನೇ ಹರಿದು ಇದರ ಜೊತೆ ಇಟ್ಟಿದ್ದೇನೆ, ನೀನೇ ನೋಡು. ಮೊದಲ ಪುಟಕ್ಕಿಂತ ಹತ್ತನೇ ಪುಟ ಕೆಟ್ಟದಾಗಿದೆ. ಬೇಕೆಂದೇ ಮಾಡದೆ ಹೀಗಾಗುತ್ತದೆಯೇ? ಮೆಟ್ಟಿಲು ಹತ್ತಲು ಹೇಳಿದರೆ ಏದುಸಿರಿನ ನಾಟಕ ಬೇರೆ.

ತಂಗಿ

*

ಆಗಸ್ಟ್ 2

ತಂಗೀ,

ಈ ಪತ್ರವನ್ನು ಡ್ರೈವರ್ ನಿನ್ನ ಅಂಗಡಿಗೇ ತಂದುಕೊಡುತ್ತಾನೆ. ಓದಿದ ಕೂಡಲೇ ಅಂಗಡಿ ಬಿಟ್ಟು ಹೊರಡು. ಪಿಟೀಲನ್ನು ದೊಡ್ಡಾಸ್ಪತ್ರೆಯ ಹೃದಯ ವಿಭಾಗಕ್ಕೆ ಇವತ್ತೇ ಕರೆದುಕೊಂಡು ಹೋಗು, ನಾಳೆ ಅನ್ನಬೇಡ. ಗಂಟಲು, ಕೀಲು, ಲೋಟ, ಮೂತಿ, ಅಕ್ಷರ, ಏದುಸಿರು, ಎಲ್ಲವನ್ನೂ ಇದೇ ಕ್ರಮದಲ್ಲಿ ಹೇಳು. ಕಾಪಿ ಪುಸ್ತಕದ ಹಾಳೆಗಳನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ, ತೋರಿಸು. ಅವಳನ್ನು ನಡೆಸಬೇಡ, ಎತ್ತಿಕೊಂಡು ಹೋಗು.

ಅವಳು ಬೇಕೆಂದು ಮಾಡುತ್ತಿಲ್ಲ. ಹೊಡೆಯಬೇಡ, ನಿನ್ನ ಕಾಲಿಗೆ ಬೀಳುತ್ತೇನೆ, ಹೊಡೆಯಬೇಡ.

ಅಣ್ಣ

*

ಆಗಸ್ಟ್ 21

ಅಣ್ಣಾ,

ಹತ್ತೊಂಬತ್ತು ದಿನವಾಯಿತು ಸೇರಿಸಿ. ವಾರ್ಡಿನ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ರುಮ್ಯಾಟಿಕ್ ಜ್ವರವೇ. ಕೈಕಾಲು ಕುಣಿಯುವುದೂ ಅದರದ್ದೇ ಅಂತೆ, ಮೆದುಳಿಗೆ ತಗುಲಿ ಹಾಗಾಗುವುದಂತೆ, ಅದು ತಾನಾಗಿ ನಿಲ್ಲುತ್ತದಂತೆ. ಹೃದಯದ್ದು ನಿಲ್ಲುವುದಿಲ್ಲ. ಎಡಗಡೆಯ ಕವಾಟ ಮುಚ್ಚುತ್ತಿಲ್ಲ, ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಬರುತ್ತಿದೆ. ಡಾಕ್ಟರು ನನ್ನ ಕಿವಿಗೇ ಸ್ಟೆತಸ್ಕೋಪು ಕೊಟ್ಟು ಕೇಳಿಸಿದರು. ಎದೆ ಬಡಿತ ಕೇಳಿಸಲಿಲ್ಲ, ಉಸ್ಸ್ ಉಸ್ಸ್ ಅಂತ ನಲ್ಲಿ ಸೋರಿದ ಹಾಗೆ ಸದ್ದು.

ಅವರೂ ಅದೇ ಕೇಳಿದರು, ಗಂಟಲು ಪರೀಕ್ಷೆ ಮಾಡಿಸಿದಿರಾ ಅಂತ. ನಿನ್ನ ವರದಿ ಪರ್ಸಿನಲ್ಲೇ ಇತ್ತು, ತೋರಿಸಿದೆ. ಎರಡು ಸಲ ಓದಿದರು. ರಕ್ತ ಪರೀಕ್ಷೆ ಮಾಡಿ, "ಇವಳ ರಕ್ತ ನೋಡಿದ್ರೆ ಆ ಕ್ರಿಮಿ ಬಂದು ಹೋಗಿರೋದು ಖಂಡಿತ. ಈ ವರದಿ ಹೇಗೆ ಬಂತೋ!" ಅಂದರು. ಇನ್ನೆಲ್ಲೋ ಆಮೇಲೆ ತಗುಲಿರಬೇಕು ಅಂತ ನಾನೇ ಹೇಳಿದೆ. ಹೌದಾ ಅಣ್ಣಾ?

ಇನ್ನೊಂದು ವಿಷಯ. ಮೊನ್ನೆ ಮಗು ನನ್ನ ಸೆರಗು ಹಿಡಿದುಕೊಂಡು, "ಅಮ್ಮಾ, ಒಂದು ಹೇಳ್ತೀನಿ, ಬೈಬೇಡ" ಅಂದಳು. ಆಗ ಉಪ್ಪುನೀರನ್ನು ಮುಕ್ಕಳಿಸದೆ ದಿನಾ ಬಚ್ಚಲಿಗೆ ಚೆಲ್ಲುತ್ತಿದ್ದಳಂತೆ, ಬರೀ ಗಳಗಳ ಸದ್ದು ಮಾಡಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮಾವ ಅಷ್ಟು ಹೇಳಿದ್ರೂ ಕೇಳ್ಲಿಲ್ಲ, ಅದಕ್ಕೇ ಇವತ್ತು ಹೀಗಾಯ್ತು ನೋಡು" ಅಂದುಬಿಟ್ಟೆ. ಅಳಲೂ ಇಲ್ಲ ಅವಳು. ಹೌದೆಂದು ತಲೆಯಾಡಿಸಿದಳು.

ನೀನು ಯಾಕೆ ಬರುತ್ತಿಲ್ಲ? ದಿನಾ ಕೇಳುತ್ತಾಳೆ.

ತಂಗಿ

*

ಸೆಪ್ಟೆಂಬರ್ 3

ತಂಗೀ,

ನಾಲ್ಕು ದಿನದಿಂದ ಈ ಪತ್ರ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಇವತ್ತು ಬರೆದದ್ದನ್ನು ಹರಿಯುವುದಿಲ್ಲ.

ಆಮೇಲೆ ಎಲ್ಲೋ ತಗುಲಿದ್ದಲ್ಲ. ಮೇ ತಿಂಗಳ ಗಂಟಲಲ್ಲೇ ಇತ್ತು. ನನ್ನ ತಟ್ಟೆಯ ಮೇಲೇ ಇತ್ತು. ನಾನು ನೋಡಿದೆ, ನೋಡಿ ಇಲ್ಲ ಅಂದೆ.

ಕಾಪಿ ಪುಸ್ತಕ ಕಂಡ ಮರುದಿನ ಪಶುವೈದ್ಯ ಕಾಲೇಜಿಗೆ ಹೋಗಿ ಒಂದು ಶೀಷೆ ಕುರಿರಕ್ತ ಬೇಡಿ ತಂದೆ. ಆ ವಾರ ಬಂದ ಇಪ್ಪತ್ತು ಮಕ್ಕಳ ಗಂಟಲಿನ ಕಡ್ಡಿಗಳನ್ನು ಎರಡೆರಡು ತಟ್ಟೆಗೆ ಹಚ್ಚಿದೆ. ಒಂದು ಸಾಲಿಗೆ ಕುರಿರಕ್ತ, ಇನ್ನೊಂದಕ್ಕೆ ನಾವು ಏಳು ತಿಂಗಳಿಂದ ಬಳಸುತ್ತಿದ್ದ ಅವಧಿ ಮುಗಿದ ರಕ್ತ. ಮಾರನೆಯ ದಿನ ಕುರಿರಕ್ತದ ನಾಲ್ಕು ತಟ್ಟೆಗಳಲ್ಲಿ ಉಂಗುರ ಬಿದ್ದಿತ್ತು. ನಾಲ್ಕೂ ಎ ಗುಂಪು. ಅದೇ ನಾಲ್ಕು ಮಕ್ಕಳ ಇನ್ನೊಂದು ತಟ್ಟೆಯಲ್ಲಿ ಉಂಗುರವೇ ಇಲ್ಲ. ಪುಟ್ಟ ಬಿಳಿ ಚುಕ್ಕೆಗಳು ಏನೂ ಅರಿಯದವರ ಹಾಗೆ ಕೂತಿದ್ದವು. ಎಂದೋ ಈ ಕಾಯಿಲೆ ಬಂದು ಹೋದವರ ರಕ್ತದಲ್ಲಿ ಅದಕ್ಕೆ ತಡೆ ಇರುತ್ತದೆ, ಆ ತಡೆ ಉಂಗುರ ಬೀಳಲು ಬಿಡುವುದಿಲ್ಲ. ಇದು ಹೊಸ ವಿದ್ಯೆಯಲ್ಲ. ಕಲಿಯಲು ಬಂದ ಹುಡುಗಿಯರಿಗೆ ನಾನೇ ವರ್ಷಾವರ್ಷ ಪಾಠ ಹೇಳಿದ್ದೇನೆ.

ಇದಕ್ಕಿಂತ ಕೆಟ್ಟದ್ದು ಇದೆ. ಪ್ರತಿ ಸೋಮವಾರ ನಮಗೆ ಚೆನ್ನಾಗಿ ಗೊತ್ತಿರುವ ಒಬ್ಬ ಎ ಗುಂಪಿನವನನ್ನು ತಟ್ಟೆಗೆ ಹಚ್ಚಿ, ಉಂಗುರ ಬೀಳುತ್ತದೆಯೇ ಎಂದು ನೋಡಬೇಕು. ಅವನ ಶೀಷೆ ಫ್ರಿಜ್ಜಿನ ಮೇಲಿನ ಅರೆಯಲ್ಲೇ ಇದೆ. ಏಳು ತಿಂಗಳು ನಾನು ಅದನ್ನು ಮುಟ್ಟಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಪ್ರತಿ ಸೋಮವಾರ "ಸರಿ ಇದೆ" ಅಂತ ಬರೆದು ಸಹಿ ಮಾಡಿದೆ. ಇಪ್ಪತ್ತಾರು ವರ್ಷದ ಕಣ್ಣಿಗೆ ಪರೀಕ್ಷೆ ಯಾಕೆ ಅಂದುಕೊಂಡೆ. ಉಂಗುರವಿಲ್ಲದ್ದರ ಮೇಲೆ, ಎ ಹೌದೋ ಅಲ್ಲವೋ ಎಂದು ತೋರಿಸುವ ಔಷಧದ ಬಿಲ್ಲೆ ಇಡುವ ಅಗತ್ಯವೂ ನನಗೆ ಕಾಣಲಿಲ್ಲ. ಆಮೇಲೆ ಕಣ್ಣಿನ ಡಾಕ್ಟರು ಸರಿಯಾಗಿಯೇ ಹೇಳಿದಾಗ ಅವರನ್ನು ಆಡಿಕೊಂಡೆ. ಮಗು ತನ್ನ ಕೈಯಾರೆ "ಪೆನ್ನು ಬೇರೆ ಕಡೆ ಹೋಗತ್ತೆ" ಅಂತ ಬರೆದಾಗ ಅವಳನ್ನೂ ಆಡಿಕೊಂಡೆ.

ಮುಖ್ಯಸ್ಥರಿಗೆ ಎರಡೂ ಸಾಲಿನ ತಟ್ಟೆ ತೋರಿಸಿದೆ. ಬಾಗಿಲು ಹಾಕಿಕೊಂಡು ಬಂದು, "ಗಂಟಲು ನೋವು ಬಂದೋರಿಗೆಲ್ಲ ಹೃದಯಕ್ಕೆ ಹೋಗತ್ತೇನ್ರೀ? ಇನ್ಮೇಲೆ ಕುರಿರಕ್ತ ತರಿಸೋಣ. ಹಳೇದನ್ನ ಕೆದಕಬೇಡಿ, ಇಬ್ಬರೂ ಮನೆಗೆ ಹೋಗಬೇಕಾಗತ್ತೆ" ಅಂದರು. ಏಳು ತಿಂಗಳಲ್ಲಿ ನಾನು ಸಹಿ ಹಾಕಿ ಕಳಿಸಿದ ಗಂಟಲಿನ ವರದಿಗಳು ನಾನೂರ ಹನ್ನೆರಡು. ಎಲ್ಲಾ ಮಕ್ಕಳದ್ದು. ನಿನ್ನೆ ಮೇಲಿನವರಿಗೆ ಎಲ್ಲ ಬರೆದು ಕಳಿಸಿದೆ.

ಉಪ್ಪುನೀರಿಗೂ ಇದಕ್ಕೂ ಸಂಬಂಧವಿಲ್ಲ. ಚೆಲ್ಲಿದರೂ ಅಷ್ಟೇ, ಕುಡಿದರೂ ಅಷ್ಟೇ. ಪಿಟೀಲಿಗೆ ಇದನ್ನು ಹೇಳು. ಅಥವಾ ನಾನೇ ಬಂದು ಹೇಳಲು ಬಿಡು.

ಅಣ್ಣ

*

ಸೆಪ್ಟೆಂಬರ್ 10

ಬರೆಯಬೇಡ. ಬರಬೇಡ.

ಮೇ ತಿಂಗಳಲ್ಲಿ ಜ್ವರದ ಮಗು ನನ್ನ ಅಂಗೈಯಲ್ಲಿ ಮುಖ ಇಟ್ಟುಕೊಂಡು, "ಮಾವ ನೋಡಿದ್ರೆ ಮುಗೀತು, ಅವರಿಗೆಲ್ಲಾ ಗೊತ್ತು" ಅಂತಿತ್ತು. ಅವಳಿಗೆ ನಾನು ಏನಂತ ಹೇಳಲಿ? ನಿನ್ನ ಹೆಸರು ಹೇಳಿದರೆ ಸಾಕು, ಆ ಮುಖ ಅರಳುತ್ತದೆ. ಅದನ್ನು ಕಿತ್ತುಕೊಳ್ಳಲು ನನ್ನಿಂದಾಗುವುದಿಲ್ಲ. ನಿನಗೋಸ್ಕರ ಅಲ್ಲ.

*

ನವೆಂಬರ್ 8

ತಂಗೀ,

ಬರೆಯಬೇಡ ಅಂದಿದ್ದೀಯ. ಎರಡು ತಿಂಗಳು ತಡೆದುಕೊಂಡೆ.

ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ, ವಿಚಾರಣೆ ನಡೆಯುತ್ತಿದೆ. ಅದಿರಲಿ. ನಾನೂರ ಹನ್ನೆರಡು ಮನೆಗಳಿಗೂ ನಮ್ಮ ಆಸ್ಪತ್ರೆಯಿಂದ ಕಾಗದ ಹೋಗಿದೆ. ಕಾಗದ ಓದಿಯೂ ಬಾರದವರ ಮನೆಗೆ ಆರೋಗ್ಯ ಇಲಾಖೆಯ ನರ್ಸಮ್ಮನ ಜೊತೆ ನಾನೂ ಹೋಗುತ್ತೇನೆ. ಹೋಗಲೇಬೇಕೆಂದು ಯಾರೂ ಹೇಳಿಲ್ಲ, ನಾನೇ ಕೇಳಿಕೊಂಡೆ. ಬಾಗಿಲು ತಟ್ಟಿ, "ವರದಿ ತಪ್ಪಾಗಿತ್ತು, ಬರೆದವನು ನಾನೇ, ಮಗುವಿನ ಎದೆ ಪರೀಕ್ಷೆ ಮಾಡಿಸಿ" ಅನ್ನಬೇಕು. ಒಬ್ಬಾಕೆ ನೀರು ಕೊಟ್ಟು ಕೂರಿಸಿದಳು. ಮಾತು ಮುಗಿದ ಮೇಲೆ ಲೋಟ ಕಿತ್ತುಕೊಂಡಳು. ಒಬ್ಬ ತಂದೆ ಕುತ್ತಿಗೆಪಟ್ಟಿ ಹಿಡಿದ. ಹಿಡಿದುಕೊಳ್ಳಲಿ ಅಂತ ಸುಮ್ಮನೆ ನಿಂತೆ. ನರ್ಸಮ್ಮ, "ನೀವು ಮೆಟ್ಟಿಲ ಕೆಳಗೆ ನಿಂತಿರಿ ಮಾರಾಯರೇ, ಇಲ್ಲಾಂದ್ರೆ ನನಗೂ ಬೀಳತ್ತೆ" ಅನ್ನುತ್ತಾಳೆ. ಇದುವರೆಗೆ ನೋಡಿದ ಮಕ್ಕಳಲ್ಲಿ ಐವರ ಎದೆಯಲ್ಲಿ ಆ ಸದ್ದು ಸಿಕ್ಕಿದೆ. ಐವರಿಗೂ ಇಂಜೆಕ್ಷನ್ ಶುರುವಾಗಿದೆ, ಇನ್ನೂ ಕೈಮೀರಿಲ್ಲವಂತೆ. ಪಿಟೀಲಿಗಾದಷ್ಟು ಯಾರಿಗೂ ಆಗಿಲ್ಲ.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಒಂದೇ ಬೇಡಿಕೆ. ಉಪ್ಪುನೀರಿನದು ಸುಳ್ಳು ಅಂತ ಅವಳಿಗೆ ಹೇಳಿದೆಯಾ?

ಅಣ್ಣ

*

ಡಿಸೆಂಬರ್ 9

ಅಣ್ಣಾ,

ಹೇಳಿಲ್ಲ. ಹೇಳಲು ಹೋದರೆ, "ಹಾಗಾದ್ರೆ ಯಾಕೆ ಬಂತು?" ಅಂತ ಕೇಳುತ್ತಾಳೆ.

ಮನೆಗೆ ಕಳಿಸಿದ್ದರು, ಮತ್ತೆ ಸೇರಿಸಿದ್ದೇವೆ. ಕೈಕಾಲು ಕುಣಿಯುವುದು ನಿಂತಿದೆ. ಆದರೆ ಮಲಗಿದರೆ ಉಸಿರು ಕಟ್ಟುತ್ತದೆ, ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ. ಪಾದ ಊದಿಕೊಂಡಿದೆ. ಕವಾಟ ಸರಿಮಾಡಲು ಇಪ್ಪತ್ತೆರಡನೇ ತಾರೀಖು ಆಪರೇಷನ್. ಆಗದಿದ್ದರೆ ಬೇರೆ ಕವಾಟ ಹಾಕುತ್ತಾರಂತೆ. ಏನೂ ಭರವಸೆ ಕೊಡುವುದಿಲ್ಲ ಅಂತ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ.

ನಿನ್ನೆ ಅವಳ ತುಟಿಯ ಒಳಗೆ ಹುಣ್ಣಾಗಿರುವುದನ್ನು ನರ್ಸು ತೋರಿಸಿದಳು. ಊಟದ ತಟ್ಟೆಯಲ್ಲಿ ಪಕ್ಕದ ಮಂಚದವರಿಗೆ ಬರುವ ಉಪ್ಪಿನ ಪೊಟ್ಟಣಗಳನ್ನು ಕೇಳಿ ಕೇಳಿ ಇಸಿದುಕೊಂಡು, ದಿಂಬಿನ ಕೆಳಗೆ ಬಚ್ಚಿಟ್ಟು, ದಿನಕ್ಕೆ ಹತ್ತು ಸಲ ಉಪ್ಪುನೀರು ಮುಕ್ಕಳಿಸುತ್ತಿದ್ದಾಳೆ. ಅವಳಿಗೆ ಉಪ್ಪೇ ಕೊಡಬಾರದು, ನೀರು ತುಂಬಿಕೊಳ್ಳುತ್ತದೆ ಅಂತ ಡಾಕ್ಟರು ಹೇಳಿದ್ದರು. ನರ್ಸು ಪೊಟ್ಟಣ ತೆಗೆದುಕೊಂಡಾಗ ಹೇಗೆ ಅತ್ತಳು ಗೊತ್ತಾ? "ಆಗ ಚೆಲ್ಲಿದ್ದಕ್ಕೆ ಈಗ ಮಾಡ್ತಿದೀನಿ, ಬಿಡಿ ಸಿಸ್ಟರ್, ಆಪರೇಷನ್ ಒಳಗೆ ಮುಗಿಸ್ಬೇಕು."

ನನ್ನಿಂದ ಆಗುವುದಿಲ್ಲ ಅಣ್ಣಾ. ನೀನು ಬರೆ. ಅವಳಿಗೆ ಅರ್ಥವಾಗುವ ಹಾಗೆ. ನಿನ್ನನ್ನು ಉಳಿಸಿಕೊಳ್ಳದೆ ಬರೆ. ನಾನು ಓದಿ ಹೇಳುತ್ತೇನೆ.

ತಂಗಿ

*

ಡಿಸೆಂಬರ್ 12

ಪಿಟೀಲು,

ಇದು ನಿನಗೇ ಬರೆದ ಕಾಗದ. ಅಮ್ಮ ಓದುತ್ತಾಳೆ. ಮಧ್ಯದಲ್ಲಿ ನಿಲ್ಲಿಸಿದರೆ ಮುಂದಕ್ಕೆ ಓದು ಅನ್ನು.

ನಿನ್ನ ಗಂಟಲಿಗೆ ಬಂದವನ ಹೆಸರು ಸ್ಟ್ರೆಪ್ಟೊಕಾಕಸ್. ಎ ಗುಂಪಿನವನು. ಅವನು ಯಾರು ಒಳ್ಳೆಯವರು, ಯಾರು ಕೆಟ್ಟವರು, ಯಾರು ಉಪ್ಪುನೀರು ಚೆಲ್ಲಿದರು ಅಂತ ನೋಡಿ ಬರುವುದಿಲ್ಲ. ತರಗತಿಯಲ್ಲಿ ಪಕ್ಕ ಕೂತವರ ಕೆಮ್ಮಿನಿಂದ ಬರುತ್ತಾನೆ, ಅಷ್ಟೇ. ಉಪ್ಪುನೀರಿಗೆ ಅವನು ಹೆದರುವುದಿಲ್ಲ. ಪೆನಿಸಿಲಿನ್‌ಗೆ ಮಾತ್ರ ಹೆದರುತ್ತಾನೆ. ಆಗ ಪೆನಿಸಿಲಿನ್ ಕೊಟ್ಟಿದ್ದರೆ ಹೊರಟುಹೋಗುತ್ತಿದ್ದ.

ಕೊಡಲಿಲ್ಲ ಯಾಕೆ ಅಂದರೆ, ಅವನು ಇಲ್ಲ ಅಂತ ನಾನು ಬರೆದೆ. ಅವನು ಇದ್ದ. ಅವನನ್ನು ಹಿಡಿಯುವ ತಟ್ಟೆಗೆ ಕುರಿಯ ರಕ್ತ ಹಾಕಬೇಕಿತ್ತು, ಬೇರೆ ರಕ್ತ ಹಾಕಿದೆ. ಆ ತಟ್ಟೆ ಸರಿಯಿದೆಯೇ ಅಂತ ಪ್ರತಿ ಸೋಮವಾರ ನೋಡಬೇಕಿತ್ತು, ನೋಡದೆಯೇ ನೋಡಿದೆ ಅಂತ ಬರೆದೆ. ನೀನು ಹೋಮ್‌ವರ್ಕ್ ಮಾಡದೆ ಮಾಡಿದೆ ಅಂದರೆ ನಿನ್ನ ಟೀಚರು ಏನನ್ನುತ್ತಾರೆ? ಸುಳ್ಳು ಅನ್ನುತ್ತಾರೆ. ಅದು ಸುಳ್ಳೇ. ನಾನು ಸುಳ್ಳು ಬರೆದೆ.

ಅವನನ್ನು ಓಡಿಸಲು ಹೊರಟ ನಿನ್ನ ಮೈ ಗಡಿಬಿಡಿಯಲ್ಲಿ ನಿನ್ನ ಹೃದಯವನ್ನೇ ಅವನೆಂದು ತಿಳಿದು ಹೊಡೆಯಿತು. ಕೀಲಿಗೂ ಹೊಡೆಯಿತು, ಪೆನ್ನು ಹಿಡಿಯುವ ಕೈಯನ್ನೂ ಕುಣಿಸಿತು. ನಿನ್ನ ಅಕ್ಷರ ಕೆಟ್ಟದ್ದು ಸೋಮಾರಿತನದಿಂದ ಅಲ್ಲ. ನೀನು ನಿಜ ಬರೆದಿದ್ದೆ, ನಾನು ನಕ್ಕೆ.

ಉಪ್ಪುನೀರು ಇವತ್ತಿಗೇ ನಿಲ್ಲಿಸು. ಹಲ್ಲು ಮಾತ್ರ ಎರಡು ಹೊತ್ತು ಚೆನ್ನಾಗಿ ಉಜ್ಜು. ಆ ಕುಟುಂಬದಲ್ಲೇ ಹಸಿರು ಮನೆಯವರು ಅಂತ ಇದ್ದಾರೆ, ಬಾಯಲ್ಲಿ ಸುಮ್ಮನೆ ಇರುವವರು, ಪೆಟ್ಟಾದ ಕವಾಟ ಕಂಡರೆ ಅಲ್ಲಿ ಹೋಗಿ ಕೂರುತ್ತಾರೆ. ಆಪರೇಷನ್ ಆದ ಮೇಲೂ ಮೂರು ವಾರಕ್ಕೊಂದು ಇಂಜೆಕ್ಷನ್ ಇದೆ, ತುಂಬಾ ವರ್ಷ. ನೋಯುತ್ತದೆ. ನೋಯುವುದಿಲ್ಲ ಅಂತ ನಾನು ಹೇಳುವುದಿಲ್ಲ.

ಮಾವನಿಗೆ ಎಲ್ಲಾ ಗೊತ್ತು ಅನ್ನುತ್ತಿದ್ದೆಯಂತೆ. ಗೊತ್ತಿತ್ತು, ಆದರೂ ಮಾಡಲಿಲ್ಲ. ನೀನು ಏನೂ ತಪ್ಪು ಮಾಡಿಲ್ಲ ಪುಟ್ಟಾ. ಏನೂ ಅಂದರೆ ಏನೂ.

ಮಾವ

*

ಡಿಸೆಂಬರ್ 18

ಅಣ್ಣಾ,

ಓದಿ ಹೇಳಿದೆ. ಎರಡು ಕಡೆ ನಿಲ್ಲಿಸಿದೆ. ಎರಡೂ ಸಲ "ಮುಂದಕ್ಕೆ ಓದಮ್ಮಾ" ಅಂದಳು.

ಕೊನೆಯವರೆಗೂ ಓದಿದೆ. ನೀನು ಅಂದರೆ ಅವಳ ಮುಖ ಅರಳುತ್ತಿತ್ತಲ್ಲ, ಅದು ಹೋಯಿತು. ನನ್ನ ಕಣ್ಣೆದುರೇ ಹೋಯಿತು. "ಮಾವ ನೋಡ್ಲೇ ಇಲ್ವಾ? ಒಂದ್ ಸೋಮವಾರಾನೂ?" ಅಂದಳು. ಇಲ್ಲ ಅಂದೆ.

"ಹಾಗಾದ್ರೆ ಉಪ್ಪುನೀರಿಂದ ಅಲ್ವಾ?"

"ಅಲ್ಲ ಕಂದಾ."

"ಲೋಟ ಬೀಳ್ತಿದ್ದಿದ್ದೂ ನಾನು ಮಾಡಿದ್ದಲ್ವಾ?"

"ಅಲ್ಲ."

"ನಾನು ಅವತ್ತೇ ಹೇಳಿದ್ನಲ್ಲಮ್ಮಾ, ನಾನು ಮಾಡ್ತಿಲ್ಲ ಅಂತ. ಮತ್ತೆ ಯಾಕೆ ಹೊಡ್ದೆ?"

ಅಣ್ಣಾ, ಮೂರು ತಿಂಗಳು ನಾನು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದುಕೊಂಡು ಬದುಕಿದೆ. ಪಾತ್ರೆ ತೊಳೆಯುವಾಗ ಬೈದೆ, ಬಸ್ಸಿನಲ್ಲಿ ಬೈದೆ, ಗಿರಾಕಿಯ ಕಣ್ಣಿಗೆ ಗಾಜು ಹಿಡಿದು ಅಕ್ಷರ ಓದಿ ಅನ್ನುವಾಗಲೂ ಒಳಗೊಳಗೆ ಬೈದೆ. ಅವಳು ಹಾಗೆ ಕೇಳಿದಾಗ ಬೈಯಲು ಯಾರೂ ಸಿಗಲಿಲ್ಲ. ವರದಿ ನಿನ್ನದು. ಕೆನ್ನೆಗೆ ಬಿದ್ದ ಕೈ ನನ್ನದು.

ಮೂರು ದಿನದಿಂದ ನನ್ನ ಜೊತೆ ಮಾತಿಲ್ಲ. ಉಪ್ಪು ಕೇಳುವುದನ್ನು ನಿಲ್ಲಿಸಿದ್ದಾಳೆ. ನರ್ಸಿನ ಕೈಯಲ್ಲಿ ಊಟ ಮಾಡುತ್ತಾಳೆ, ನಾನು ಹತ್ತಿರ ಹೋದರೆ ಗೋಡೆಯ ಕಡೆ ತಿರುಗುತ್ತಾಳೆ. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ, "ಆಪರೇಷನ್ ದಿನ ಮಾವನ್ನ ಕರೀಲಾ?" ಅಂತ ಕೇಳಿದೆ. ಗೋಡೆ ನೋಡಿಕೊಂಡೇ ಹೇಳಿದಳು:

"ಕರಿ. ಇಬ್ಬರೂ ಹೊರಗೇ ಕೂತ್ಕೊಳ್ಳಿ."

ಇಪ್ಪತ್ತೆರಡು, ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಆರು ಗಂಟೆ ಬೇಕಾಗುತ್ತದಂತೆ. ನಾನು ನಿನ್ನನ್ನು ಕ್ಷಮಿಸಿಲ್ಲ. ಅವಳು ನಮ್ಮಿಬ್ಬರನ್ನೂ ಕ್ಷಮಿಸಿಲ್ಲ. ಬೇಗ ಬಾ, ನನಗೆ ಒಬ್ಬಳೇ ಕೂರಲು ಭಯವಾಗುತ್ತದೆ.

ತಂಗಿ